ಪ್ರಾಯೋಜಕ ಬಿದ್ದಾಗ ಬಾಕಿ ಯಾರ ಪಾಲಿಗೆ?

ಜಮಖಂಡಿ ತಾಲ್ಲೂಕಿನ ಹುನ್ನೂರ ನನ್ನ ಹುಟ್ಟೂರು. ನಿವೃತ್ತಿಯ ಬಳಿಕ ವರ್ಷಕ್ಕೆರಡು ಬಾರಿಯಾದರೂ ಅಲ್ಲಿಗೆ ಹೋಗಿ ಬರುವ ರೂಢಿಯಿಟ್ಟುಕೊಂಡಿದ್ದೇನೆ. ಕಳೆದ ಬಾರಿ ಹೋದಾಗ ನೆರೆಯ ಹಳ್ಳಿಯಲ್ಲಿ ಜಾತ್ರೆಯ ನಿಮಿತ್ತ ಎತ್ತಿನ ಗಾಡಿಗಳ ಶರ್ಯತ್ತು ನಡೆದಿತ್ತು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತುಹೋಗಿದ್ದ ಈ ಸ್ಪರ್ಧೆಗಳಿಗೆ ರಾಜ್ಯದ ಕಾನೂನು ತಿದ್ದುಪಡಿ ಮತ್ತೆ ದಾರಿ ಮಾಡಿಕೊಟ್ಟಿತು. 2023ರ ಮೇ ತಿಂಗಳಲ್ಲಿ ನ್ಯಾಯಾಲಯವೇ ಅದನ್ನು ಎತ್ತಿಹಿಡಿಯಿತು. ಮೈದಾನದ ಅಂಚಿಗೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಎತ್ತುಗಳ ಚಿತ್ರ ಚಿಕ್ಕದು, ಬಹುಮಾನ ಕೊಡುವವರ ಚಿತ್ರ ದೊಡ್ಡದು. ಗೊಬ್ಬರದಂಗಡಿಯವರು, ಟ್ರ್ಯಾಕ್ಟರ್ ಮಾರಾಟಗಾರರು, ನಾಳೆಯ ಚುನಾವಣೆಯ ಮೇಲೆ ಕಣ್ಣಿಟ್ಟ ಒಬ್ಬಿಬ್ಬರು ಮುಖಂಡರು ಅಲ್ಲಿ ಕೈಮುಗಿದು ನಿಂತಿದ್ದರು.

ನನ್ನ ಜೊತೆಗಿದ್ದ ಸಂಬಂಧಿಕರ ಹುಡುಗನಿಗೆ ಹದಿನೈದು ವರ್ಷ. ಗಾಡಿಗಳು ಹೊರಡುವ ಮುನ್ನ ಅವನು ಮೊಬೈಲಿನಲ್ಲಿ ಬೇರೊಂದು ಶರ್ಯತ್ತನ್ನು ನೋಡುತ್ತಿದ್ದ. ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ, ಒಂದೇ ಸೀಟಿನ ಫಾರ್ಮುಲಾ ಒನ್ ಕಾರುಗಳ ಓಟ. ‘ಅಜ್ಜಾ, ಇಂಥಾ ಗಾಡಿ ಓಡಸಾಕ ನಮ್ಮಂಥವರು ಏನ ಮಾಡಬೇಕ್ರಿ?’ ಎಂದು ಕೇಳಿದ. ಸರ್ಕಾರದ ಲೆಕ್ಕಪತ್ರಗಳ ನಡುವೆ ಮೂರು ದಶಕ ಕಳೆದ ನನಗೆ ಮೊದಲು ಹೊಳೆದ ಉತ್ತರ ಒಂದೇ: ದುಡ್ಡು ಕೊಡುವವರೊಬ್ಬರನ್ನು ಹುಡುಕಬೇಕು. ಅವನಿಗೆ ಅದು ತಮಾಷೆಯಾಗಿ ಕಂಡಿತು. ಆದರೆ ಈ ಆಟದ ಅರ್ಥಶಾಸ್ತ್ರ ಬಹುಮಟ್ಟಿಗೆ ಅಷ್ಟೇ.

ಫಾರ್ಮುಲಾ ಒನ್‌ನಲ್ಲಿ ಇದುವರೆಗೆ ಸ್ಪರ್ಧಿಸಿದ ಭಾರತೀಯರು ಇಬ್ಬರೇ. 2005ರಲ್ಲಿ ಜೋರ್ಡನ್ ತಂಡ ಸೇರಿದ ನಾರಾಯಣ್ ಕಾರ್ತಿಕೇಯನ್ ಅವರ ಬೆನ್ನಿಗೆ ಟಾಟಾ ಸಮೂಹ ಮತ್ತು ಜೆ.ಕೆ. ಟೈರ್ ಇದ್ದವು. 2010ರಲ್ಲಿ ಎಚ್‌ಆರ್‌ಟಿ ಎಂಬ ಬಡ ತಂಡದಲ್ಲಿ ಜಾಗ ಪಡೆದ ಕರುಣ್ ಚಂದೋಕ್ ಹತ್ತು ಸ್ಪರ್ಧೆಗಳ ನಂತರ ಅದನ್ನು ಬಿಟ್ಟುಕೊಡಬೇಕಾಯಿತು. ಅಲ್ಲಿಗೆ ಬಂದವರು ಪ್ರಾಯೋಜಕರ ಬಲವಿದ್ದ ಜಪಾನಿನ ಸಕೊನ್ ಯಾಮಾಮೊಟೊ. ಪ್ರತಿಭೆ ಬೇಡವೆಂದಲ್ಲ. ಸಮಾನ ಪ್ರತಿಭೆಯ ಹತ್ತು ಮಂದಿ ಬಾಗಿಲಲ್ಲಿ ನಿಂತಾಗ ಒಳಗೆ ಕರೆಯುವುದು ಹಣದ ಚೀಲ ಹೊತ್ತು ಬಂದವನನ್ನು. ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿರುವ ಫಾರ್ಮುಲಾ ಟುನಲ್ಲಿ ಒಂದು ಋತು ಓಡಿಸಲು ಇಪ್ಪತ್ತು ಲಕ್ಷ ಯೂರೋಗಳಿಗೂ ಮಿಕ್ಕಿದ ಖರ್ಚಿದೆ. ಅದಕ್ಕೂ ಕೆಳಗಿನ ಮೆಟ್ಟಿಲುಗಳಿಗೆ ಸುರಿದದ್ದು ಬೇರೆ.

ಕನ್ನಡಿಗರ ಮಟ್ಟಿಗೆ ಈ ಆಟದ ಪ್ರಾಯೋಜಕ ಎಂದೊಡನೆ ನೆನಪಾಗುವ ಹೆಸರು ವಿಜಯ್ ಮಲ್ಯ ಅವರದು. ಬಂಟ್ವಾಳ ಮೂಲದ ವಿಠಲ ಮಲ್ಯರು ಕಟ್ಟಿ ಬೆಳೆಸಿದ ಮದ್ಯದ ಸಾಮ್ರಾಜ್ಯದ ವಾರಸುದಾರ. ಯೌವನದಲ್ಲಿ ಚೆನ್ನೈ ಬಳಿಯ ಶೋಲಾವರಂನಲ್ಲಿ ಸ್ವತಃ ರೇಸ್ ಕಾರು ಓಡಿಸಿದವರು. 2002ರಲ್ಲೂ 2010ರಲ್ಲೂ ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದವರು. 2007ರಲ್ಲಿ ಅವರು ಡಚ್ ಪಾಲುದಾರರೊಬ್ಬರೊಡನೆ ಸೇರಿ ಸ್ಪೈಕರ್ ತಂಡವನ್ನು 8.8 ಕೋಟಿ ಯೂರೋಗಳಿಗೆ ಕೊಂಡು ‘ಫೋರ್ಸ್ ಇಂಡಿಯಾ’ ಎಂದು ಹೆಸರಿಟ್ಟರು. ಮರುವರ್ಷದಿಂದ ಕಿಂಗ್‌ಫಿಷರ್ ಚಿಹ್ನೆ ಹೊತ್ತ ಕಾರುಗಳು ಮೊನಾಕೊದ ಬೀದಿಗಳಲ್ಲೂ ಓಡತೊಡಗಿದವು.

ಹುನ್ನೂರಿಗೂ ಮೊನಾಕೊಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಕಬ್ಬಿನದು. ಕೃಷ್ಣಾ, ಘಟಪ್ರಭಾ ತೀರದ ಜಮಖಂಡಿ, ಮುಧೋಳ ಸೀಮೆ ಕಬ್ಬಿನ ಸೀಮೆ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ, ಅದಕ್ಕೆ ಬಣ್ಣ ಮತ್ತು ಪರಿಮಳ ಬೆರೆತರೆ ‘ಭಾರತೀಯ ವಿಸ್ಕಿ’. ಯಾವ ಕಾರ್ಖಾನೆಯ ಕಾಕಂಬಿ ಯಾವ ಕಂಪನಿಯ ಬಾಟಲಿ ಸೇರಿತೆಂದು ಬೆರಳಿಟ್ಟು ತೋರಿಸುವ ಉದ್ದೇಶ ನನ್ನದಲ್ಲ. ಆದರೆ ನಮ್ಮ ದೇಶದ ಮದ್ಯೋದ್ಯಮದ ಲಾಭ ಬಹುಕಾಲ ನಿಂತದ್ದು ಕಬ್ಬಿನ ಗದ್ದೆಯ ಮೇಲೆ. ಮದ್ಯದ ನೇರ ಜಾಹೀರಾತಿಗೆ ಟಿ.ವಿ.ಯಲ್ಲಿ ಅವಕಾಶವಿಲ್ಲದ ದೇಶದಲ್ಲಿ ಅದೇ ಹೆಸರಿನ ನೀರಿನ ಬಾಟಲಿ, ಕ್ಯಾಲೆಂಡರು, ವಿಮಾನ, ಕ್ರಿಕೆಟ್ ತಂಡ, ಕೊನೆಗೆ ಕಾರು ಎಲ್ಲವೂ ಜಾಹೀರಾತಿನ ಕೆಲಸ ಮಾಡುತ್ತವೆ. ಈ ದೃಷ್ಟಿಯಿಂದ ನೋಡಿದರೆ ಫೋರ್ಸ್ ಇಂಡಿಯಾ ಹುಚ್ಚಾಟವೇನೂ ಆಗಿರಲಿಲ್ಲ. ಅದರ ಹಿಂದೆ ಲೆಕ್ಕಾಚಾರವಿತ್ತು.

ತಂಡ ಕೆಟ್ಟದ್ದೂ ಆಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಓಟ ಆರಂಭಿಸಿ ಎರಡನೆಯವರಾಗಿ ಮುಗಿಸಿದರು. ತನಗಿಂತ ಹಲವು ಪಟ್ಟು ಖರ್ಚು ಮಾಡುವ ತಂಡಗಳ ನಡುವೆ 2016 ಮತ್ತು 2017ರಲ್ಲಿ ಒಟ್ಟಾರೆ ನಾಲ್ಕನೆಯ ಸ್ಥಾನ ದೊರೆಯಿತು. ಹೆಸರಿನಲ್ಲಿ ಮಾತ್ರ ಭಾರತವಿತ್ತು. ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಒಬ್ಬನೇ ಒಬ್ಬ ಭಾರತೀಯ ಚಾಲಕ ಆ ತಂಡದ ಪರವಾಗಿ ಸ್ಪರ್ಧೆಗಿಳಿಯಲಿಲ್ಲ.

ಅಷ್ಟರಲ್ಲಿ ಮನೆಯ ಕಡೆ ಬೆಂಕಿ ಹತ್ತಿತ್ತು. 2005ರಲ್ಲಿ ಆರಂಭವಾದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದು ಮತ್ತೆ ಮೇಲೇಳಲಿಲ್ಲ. ತಂಡದಲ್ಲಿ 2011ರಲ್ಲಿ ಶೇ 42.5ರಷ್ಟು ಪಾಲು ಕೊಂಡಿದ್ದ ಸಹಾರಾ ಸಮೂಹಕ್ಕೆ 2012ರ ಆಗಸ್ಟಿನಲ್ಲಿ ಹೂಡಿಕೆದಾರರ ಇಪ್ಪತ್ನಾಲ್ಕು ಸಾವಿರ ಕೋಟಿ ರೂಪಾಯಿ ಹಿಂದಿರುಗಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ಇಬ್ಬರು ಒಡೆಯರೂ ಸ್ವದೇಶದಲ್ಲಿ ಮುಳುಗುತ್ತಿದ್ದರೂ ಕಾರುಗಳು ವಿದೇಶದಲ್ಲಿ ಓಡುತ್ತಲೇ ಇದ್ದವು. ವಿಮಾನ ಸಂಸ್ಥೆಗೆ ಬ್ಯಾಂಕುಗಳು ಕೊಟ್ಟ ಸಾಲದ ಒಂದು ಭಾಗ ರೇಸಿಂಗ್ ತಂಡದತ್ತ ಹರಿಯಿತೆಂಬುದು ನಮ್ಮ ತನಿಖಾ ಸಂಸ್ಥೆಗಳ ಆರೋಪ. ಮಲ್ಯ ತಮ್ಮ ಮೇಲಿನ ಆರೋಪಗಳನ್ನು ನಿರಾಕರಿಸುತ್ತಲೇ ಬಂದಿದ್ದಾರೆ. ಅದರ ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು.

ನನ್ನ ಆಸಕ್ತಿ ಇನ್ನೊಂದು ಸಂಗತಿಯಲ್ಲಿದೆ. ಪ್ರಾಯೋಜಕರು ಬೀಳುವುದು ವ್ಯಾಪಾರದ ಸಹಜ ಧರ್ಮ. ಬಿದ್ದ ಮೇಲೆ ಬಾಕಿ ಬರಬೇಕಾದವರ ಗತಿ ಏನಾಯಿತು ಎಂಬುದರಲ್ಲಿ ಎರಡು ದೇಶಗಳ ವ್ಯತ್ಯಾಸ ಕಾಣುತ್ತದೆ. ಒಬ್ಬನೇ ಒಡೆಯನ ಎರಡು ಸಂಸ್ಥೆಗಳು, ಎರಡು ದೇಶಗಳಲ್ಲಿ, ಆರು ವರ್ಷಗಳ ಅಂತರದಲ್ಲಿ ನೆಲ ಕಚ್ಚಿದ ಇಂಥ ನಿದರ್ಶನ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಪರೂಪಕ್ಕೆ ಸಿಗುತ್ತದೆ.

2018ರ ಜುಲೈ ಕೊನೆಯ ವಾರ. ಹಂಗೆರಿಯಲ್ಲಿ ಸ್ಪರ್ಧೆಯ ಸಿದ್ಧತೆ ನಡೆದಿತ್ತು. ತಂಡದ ಚಾಲಕ, ಮೆಕ್ಸಿಕೊದ ಸೆರ್ಹಿಯೊ ಪೆರೆಸ್, ತನಗೆ ಬರಬೇಕಾದ ಹಣ ಬಂದಿಲ್ಲವೆಂದು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದ್ದರು. ಎಂಜಿನ್ ಒದಗಿಸುತ್ತಿದ್ದ ಮರ್ಸಿಡಿಸ್ ಮತ್ತು ಮುಖ್ಯ ಪ್ರಾಯೋಜಕ ಬಿಡಬ್ಲ್ಯುಟಿ ಅವರ ಜೊತೆಗಿದ್ದವು. (ಬಿಡಬ್ಲ್ಯುಟಿ ನೀರು ಶುದ್ಧೀಕರಣದ ಆಸ್ಟ್ರಿಯಾ ಕಂಪನಿ, ಮದ್ಯದ ದೊರೆಯ ಕಾರಿಗೆ ಗುಲಾಬಿ ಬಣ್ಣ ಬಳಿಸಿದ್ದು ನೀರಿನ ವ್ಯಾಪಾರಿ ಎಂಬುದು ವಿಧಿಯ ವಿನೋದ.) ತೆರಿಗೆ ಇಲಾಖೆಯಂಥ ಬೇರೊಬ್ಬರು ತಂಡವನ್ನೇ ಮುಚ್ಚಿಸುವ ಮೊದಲು ಅದನ್ನು ಆಡಳಿತಾಧಿಕಾರಿಯ ಕೈಗೊಪ್ಪಿಸಿ ನಾಲ್ಕು ನೂರರಷ್ಟು ನೌಕರಿಗಳನ್ನು ಉಳಿಸುವುದು ತಮ್ಮ ಉದ್ದೇಶವೆಂದು ಪೆರೆಸ್ ಹೇಳಿಕೊಂಡರು. ಜುಲೈ 27ರಂದು ನ್ಯಾಯಾಲಯ ಆಡಳಿತಾಧಿಕಾರಿಗಳನ್ನು ನೇಮಿಸಿತು. ಆ ಸಂಸ್ಥೆಯ ಹೆಸರು ‘ಎಫ್‌ಆರ್‌ಪಿ ಅಡ್ವೈಸರಿ’. ಎಫ್‌ಆರ್‌ಪಿ ಎಂದರೆ ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿಪಡಿಸುವ ದರ ಎಂದೇ ಬಲ್ಲ ನಮ್ಮೂರಿನವರಿಗೆ ಇದು ಸೋಜಿಗವೆನಿಸೀತು.

ಮುಂದಿನದು ಒಂದು ತಿಂಗಳೊಳಗೆ ಮುಗಿಯಿತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಒಂಬತ್ತು ಕೋಟಿ ಪೌಂಡ್ ಕೊಟ್ಟು ತಂಡದ ವ್ಯವಹಾರವನ್ನು ಕೊಂಡಿತು. ಬಾಕಿ ಬರಬೇಕಾದವರಿಗೆ ಪೂರ್ತಿ ಹಣ ಸಲ್ಲುವುದೆಂದು ಆಡಳಿತಾಧಿಕಾರಿಗಳು ಪ್ರಕಟಿಸಿದರು. ಅಲ್ಲಿಯವರೆಗೆ ಗಳಿಸಿದ್ದ ಅಂಕಗಳನ್ನಷ್ಟೇ ಕಳೆದುಕೊಂಡು, ಹೊಸ ಹೆಸರಿನಲ್ಲಿ, ಅದೇ ನೌಕರರೊಂದಿಗೆ ತಂಡ ಆಗಸ್ಟ್ 26ರ ಬೆಲ್ಜಿಯಂ ಸ್ಪರ್ಧೆಯಲ್ಲಿ ಓಡಿತು. ಅದೇ ಇಂದಿನ ಆಸ್ಟನ್ ಮಾರ್ಟಿನ್ ತಂಡ. ಇಂದು ಅದರ ಬೆಲೆ ನೂರು ಕೋಟಿ ಡಾಲರುಗಳನ್ನು ಎಂದೋ ದಾಟಿದೆ. 2021ರಿಂದ ತಂಡಗಳ ವಾರ್ಷಿಕ ವೆಚ್ಚಕ್ಕೆ ಮಿತಿ ಹೇರಿದ ಮೇಲೆ ಫಾರ್ಮುಲಾ ಒನ್ ತಂಡಗಳು ಲಾಭದ ಉದ್ದಿಮೆಗಳಾಗಿವೆ.

ಈಗ ಬೆಂಗಳೂರಿನ ಕಡೆ ತಿರುಗಿ. ವಿಮಾನಗಳು ನಿಲ್ಲುವ ಮೊದಲೇ ಕಿಂಗ್‌ಫಿಷರ್ ನೌಕರರು ತಿಂಗಳುಗಟ್ಟಲೆ ಸಂಬಳ ಕಂಡಿರಲಿಲ್ಲ. ಬ್ಯಾಂಕುಗಳು ಸಾಲವನ್ನು ಪುನರ್‌ವ್ಯವಸ್ಥೆಗೊಳಿಸಿ ಒಂದು ಭಾಗವನ್ನು ಷೇರುಗಳಾಗಿ ಪಡೆದು ಕಾದವು. ಸಾಲಕ್ಕೆ ಜಾಮೀನು ನಿಂತಿದ್ದ ಮಾತೃಸಂಸ್ಥೆ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್‌ನ ಸಮಾಪನೆಗೆ ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2017ರ ಫೆಬ್ರುವರಿಯಲ್ಲಿ, ಅಂದರೆ ವಿಮಾನಗಳು ನಿಂತ ನಾಲ್ಕು ವರ್ಷಗಳ ಮೇಲೆ. ಒಡೆಯರು 2016ರ ಮಾರ್ಚ್‌ನಲ್ಲೇ ಲಂಡನ್ ಸೇರಿಯಾಗಿತ್ತು. ಮಲ್ಯ ಪ್ರಕರಣದಲ್ಲಿ ಸಾರ್ವಜನಿಕ ಬ್ಯಾಂಕುಗಳಿಗೆ ₹14,131 ಕೋಟಿ ಮರಳಿಸಲಾಗಿದೆಯೆಂದು ಹಣಕಾಸು ಸಚಿವರು ಸಂಸತ್ತಿಗೆ ತಿಳಿಸಿದ್ದು 2024ರ ಡಿಸೆಂಬರಿನಲ್ಲಿ. ವಿಮಾನಗಳು ನಿಂತು ಹತ್ತು ವರ್ಷ ಕಳೆದ ಮೇಲೂ ನೌಕರರ ಬಾಕಿ ತೀರಿರಲಿಲ್ಲ.

ಎರಡು ಉದ್ದಿಮೆಗಳ ಗಾತ್ರ ಬೇರೆ, ಸಾಲದ ಪ್ರಮಾಣ ಬೇರೆ ಎಂದು ವಾದಿಸಬಹುದು. ಆ ವಾದದಲ್ಲಿ ತಿರುಳಿದೆ. ರೇಸಿಂಗ್ ತಂಡಕ್ಕೆ ಕೊಳ್ಳುವವರಿದ್ದರು, ವಿಮಾನ ಸಂಸ್ಥೆಗೆ ಇರಲಿಲ್ಲ. ಆದರೂ ಕೊಳ್ಳುವವರಿರುವಾಗಲೇ ಮಾರುವಂತೆ ಮಾಡುವ ಕಾನೂನು ಅಂದು ನಮ್ಮಲ್ಲಿರಲಿಲ್ಲ. ದಿವಾಳಿ ಸಂಹಿತೆ ಬಂದದ್ದು 2016ರಲ್ಲಿ. ಬಂದ ಮೇಲೂ ಜೆಟ್ ಏರ್‌ವೇಸ್ ಪ್ರಕರಣ 2019ರಲ್ಲಿ ನ್ಯಾಯಮಂಡಳಿಯ ಮುಂದೆ ಹೋಗಿ, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಮಾಪನೆಯ ಆದೇಶದಲ್ಲಿ ಕೊನೆಗೊಂಡಿತು. ಐದು ವರ್ಷಗಳಲ್ಲಿ ವಿಮಾನ ತುಕ್ಕು ಹಿಡಿಯುತ್ತದೆ, ಪೈಲಟ್ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಇಂಗ್ಲೆಂಡಿನಲ್ಲಿ ಒಬ್ಬ ನೌಕರನ ಅರ್ಜಿ ಒಡೆಯನನ್ನು ಬದಿಗೆ ಸರಿಸಬಲ್ಲುದಾದರೆ ನಮ್ಮಲ್ಲಿ ಒಡೆಯ ಸ್ವತಃ ಎದ್ದು ಹೋಗುವವರೆಗೂ ಕಾಯುತ್ತೇವೆ.

ಕಾಯುವ ವಿದ್ಯೆಯನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಕಬ್ಬು ಪೂರೈಸಿದ ಹದಿನಾಲ್ಕು ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದರೂ ಬಾಕಿಯ ಸುದ್ದಿಯಿಲ್ಲದ ಹಂಗಾಮು ಅಪರೂಪ. 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ದರಕ್ಕಾಗಿ ಬೀದಿಗಿಳಿದರು. ಕಬ್ಬು ಕೊಟ್ಟು ಹಣಕ್ಕೆ ಕಾದಿರುವ ರೈತನೂ ಕಾರ್ಖಾನೆಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟವನೇ. ಯಾವ ಫ್ಲೆಕ್ಸ್‌ನಲ್ಲೂ ಅವನ ಚಿತ್ರವಿಲ್ಲದಿದ್ದರೂ ಅವನೂ ಒಬ್ಬ ಪ್ರಾಯೋಜಕ.

ಪೆರೆಸ್ ಕತೆಗೆ ಒಂದು ಬಾಲವಿದೆ. ಹೊಸ ಒಡೆಯ ಸ್ಟ್ರೋಲ್ ಅವರ ಮಗನೂ ಚಾಲಕ. 2019ರಲ್ಲಿ ಮಗ ತಂಡಕ್ಕೆ ಬಂದಾಗ ಎಸ್ಟೆಬಾನ್ ಒಕಾನ್ ಜಾಗ ಬಿಟ್ಟರು. 2020ರ ಕೊನೆಗೆ, ತಂಡವನ್ನು ಉಳಿಸಿದ ಪೆರೆಸ್ ಅವರನ್ನೂ ಕೈಬಿಡಲಾಯಿತು. ಆ ನಿರ್ಧಾರ ಪ್ರಕಟವಾದ ಮೇಲೆ, ಡಿಸೆಂಬರಿನಲ್ಲಿ, ಪೆರೆಸ್ ಅದೇ ತಂಡದ ಕಾರಿನಲ್ಲಿ ತಮ್ಮ ಮೊದಲ ಫಾರ್ಮುಲಾ ಒನ್ ಸ್ಪರ್ಧೆ ಗೆದ್ದರು. ಬಾಕಿ ವಸೂಲಿಗೆ ಕಾನೂನಿದೆ, ಕೃತಜ್ಞತೆಗೆ ಇಲ್ಲ.

ಹಾಗಾದರೆ ಹುಡುಗನಿಗೆ ಏನು ಹೇಳುವುದು? 2011ರಲ್ಲಿ ಫೋರ್ಸ್ ಇಂಡಿಯಾ ನಡೆಸಿದ ಪ್ರತಿಭಾ ಶೋಧದಲ್ಲಿ ಆಯ್ಕೆಯಾದ ಮೂವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಒಬ್ಬರು. ಅವರ ತಮ್ಮ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ಸ್ಪ್ರಿಂಟ್ ಸ್ಪರ್ಧೆಯನ್ನು ಗೆದ್ದರು. ಅಲ್ಲಿ ಇಂಥ ಗೆಲುವು ಕಂಡ ಮೊದಲ ಭಾರತೀಯ. ಹೆಮ್ಮೆಪಡಬೇಕಾದ ಸಾಧನೆಯೇ ಸರಿ. ಆದರೆ ಅವರದು ಬೆಂಗಳೂರಿನ ಹೆಸರಾಂತ ಉದ್ಯಮಿಗಳ ಮನೆತನ. ವಿದ್ಯುತ್ ಕಾರು ರೇವಾ ಬಂದದ್ದು ಅದೇ ಮನೆಯಿಂದ. ಹುನ್ನೂರಿನ ಐದು ಎಕರೆ ಕಬ್ಬಿನ ಮನೆಯಿಂದ ಆ ದಾರಿ ಹಿಡಿಯಬಹುದೆಂದು ಹುಡುಗನನ್ನು ನಂಬಿಸಿದರೆ ಅದು ವಂಚನೆಯಾದೀತು.

‘ಹಂಗಾರ ಆಗೂದಿಲ್ಲ ಅನ್ರಿ’ ಎಂದ. ನಾಲ್ಕು ನೂರು ಮಂದಿಯ ತಂಡದಲ್ಲಿ ಓಡಿಸುವವರು ಇಬ್ಬರೇ, ಉಳಿದವರು ಕಾರು ಕಟ್ಟುವವರು ಎಂದೆ. 2011ರಿಂದ 2013ರವರೆಗೆ ಮೂರೇ ವರ್ಷ ಫಾರ್ಮುಲಾ ಒನ್ ಕಂಡು, ತೆರಿಗೆಯ ತಕರಾರುಗಳ ನಡುವೆ ಅದನ್ನು ಕಳೆದುಕೊಂಡ ಗ್ರೇಟರ್ ನೋಯ್ಡಾದ ಟ್ರ್ಯಾಕಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ತೆರೆದ ಚಕ್ರದ ಕಾರುಗಳನ್ನು ತಂದು ಓಡಿಸಿದ್ದಾರೆ. ನಮ್ಮ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಖರ್ಚು ಮಾಡುವ ಹಣದಲ್ಲಿ ಜಿಲ್ಲೆಗೊಂದು ಕಾಲೇಜಿನ ಅಂಥ ತಂಡಕ್ಕೆ ಮೂರು ವರ್ಷದ ಹಣವನ್ನು ಮುಂಗಡವಾಗಿ ಬ್ಯಾಂಕಿನಲ್ಲಿಟ್ಟರೆ ಸಾಕು. ಪ್ರಾಯೋಜಕ ನಡುವೆ ಬಿದ್ದರೂ ಕೆಲಸ ನಿಲ್ಲದು. ಜಮಖಂಡಿ ಸೀಮೆಗೆ ಇದು ಹೊಸ ಪಾಠವೂ ಅಲ್ಲ. ಚಿಕ್ಕಪಡಸಲಗಿಯಲ್ಲಿ ಸರ್ಕಾರದ ಹಣಕ್ಕೆ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮ ವಂತಿಗೆ, ತಮ್ಮ ಶ್ರಮದಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು 1989ರಲ್ಲಿ.

ಹುಡುಗ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಶರ್ಯತ್ತು ಮುಗಿದು ಮೈಕಿನಲ್ಲಿ ಗೆದ್ದವರ ಹೆಸರು ಕೂಗಿದರು. ಗಾಡಿಯ ಯಜಮಾನ ವೇದಿಕೆ ಹತ್ತಿ, ನೋಟುಗಳನ್ನು ಎಲ್ಲರೆದುರು ಎಣಿಸಿಕೊಂಡು, ಆಮೇಲೆ ಫೋಟೊಕ್ಕೆ ನಿಂತ.