ಮುಂಗಡ ಕೊಡುವ ಮದಲು ಅಟ್ಟ ಹತ್ತಿ ನೋಡಿ

ಹಳೆ ಮನೆ ಕ್ರಯಕ್ಕೆ ತೆಕ್ಕೊಂಬಲೆ ಹೆರಟರೆ ಗೆಂಡುಮಕ್ಕೊ ಆರ್‌ಟಿಸಿ ನೋಡ್ತವು, ಬಾವಿಗೆ ಬಗ್ಗಿ ನೀರು ನೋಡ್ತವು, ಕಾರು ಜಾಲಿಂಗೆ ಬತ್ತೋ ಹೇಳಿ ನೋಡ್ತವು. ನಾವು ಹೆಮ್ಮಕ್ಕೊ ಅಡಿಗೆಕೋಣೆ, ದೇವರಕೋಣೆ, ಬಚ್ಚಲು ನೋಡಿ ಹೆರ ಬತ್ತು. ಅಟ್ಟಕ್ಕೆ ಆರೂ ಹತ್ತುತ್ತವಿಲ್ಲೆ. ಕಸ್ತಲೆ, ಬಾವಲಿ ಇಕ್ಕು, ಸೀರೆ ಕೊಳಕ್ಕಕ್ಕು. ಎನ್ನ ಕೇಳಿರೆ, ಮನೆಯ ಜಾತಕ ಇಪ್ಪದೇ ಅಲ್ಲಿ. ಅದರ ನೋಡದ್ದೆ ಮುಂಗಡ ಕೊಡ್ಲಾಗ.

ಅಲ್ಲಿ ಮುಖ್ಯವಾಗಿ ನೋಡೆಕ್ಕಾದ್ದು ಬೂಸರು. ಪಕ್ಕಾಸು, ರೀಪು, ಹಲಗೆಲಿ ಕಪ್ಪೋ ಬೆಳಿಯೋ ಹಸುರೋ ಕಲೆ ಇದ್ದೋ, ಮುಗ್ಗಿದ ವಾಸನೆ ಬತ್ತೋ ನೋಡಿ. “ಹಳೆ ಮನೆ ಹೇಳಿರೆ ಅಷ್ಟು ಇಕ್ಕು, ಒಂದು ಕೋಟು ಬಣ್ಣ ಕೊಟ್ಟರೆ ಹೋಕು” ಹೇಳಿ ಮಾರುವವು ಹೇಳುಗು. ಎನಗೆ ಕೋಪ ಬಪ್ಪದೇ ಈ ಮಾತಿಂಗೆ. ಪಸೆ ಇಪ್ಪಷ್ಟು ದಿನ ಬೂಸರು ಬಣ್ಣದ ಅಡಿಂದಲೂ ಪುನಃ ಬತ್ತು.

ಅಜ್ಜಿಯಕ್ಕಳ ಕಾಲಲ್ಲಿ ಅಟ್ಟಕ್ಕೆ ಇಷ್ಟು ಬೂಸರು ಬಾರದ್ದಕ್ಕೆ ಕಾರಣ ಇತ್ತು. ಅಡಿಗೆಕೋಣೆಲಿ, ಬಚ್ಚಲಿಲಿ ದಿನಾಗ್ಲೂ ಕಿಚ್ಚು ಇತ್ತು. ಅದರ ಬೆಶಿ, ಹೊಗೆ ಅಟ್ಟವ ಒಣಗುಸಿಗೊಂಡಿತ್ತು. ಹಂಚಿನ ಎಡೆಲಿ ಗಾಳಿ ಆಡಿಗೊಂಡಿತ್ತು. ಈಗ ಗೇಸು ಬಂತು, ಹೊಗೆ ಹೋತು. ನಮ್ಮ ಕಣ್ಣಿಂಗೂ ಎದೆಗೂ ಅದು ಒಳ್ಳೆದೇ. ಆದರೆ ಮಕ್ಕೊ ಪೇಟೆ ಸೇರಿದವು, ಮನೆಗೆ ಬೀಗ ಬಿದ್ದತ್ತು. ಕೆಲವು ಜೆನ ಚೆಂದಕ್ಕೆ ಹೇಳಿ ಹಂಚಿನ ಅಡಿಲಿ ಪ್ಲೈವುಡ್ಡೋ ಜಿಪ್ಸಮ್ಮೋ ಬಡುದು ಗಾಳಿಯ ದಾರಿಯನ್ನೇ ಮುಚ್ಚಿದವು. ವರ್ಷಕ್ಕೆ 3,500 ಮಿಲಿಮೀಟರಿಂದ ಹೆಚ್ಚು ಮಳೆ ಬಪ್ಪ ನಮ್ಮ ದಕ್ಷಿಣ ಕನ್ನಡಲ್ಲಿ ಒಂದು ಹಂಚು ಒಡದರೆ, ದಂಬೆಲಿ ದರಗು ತುಂಬಿರೆ ಸಾಕು. ಚೆಂಡಿ ಆದ ಮರ ಒಂದೆರಡು ದಿನಲ್ಲಿ ಒಣಗದ್ರೆ ಬೂಸರು ಸುರು.

ಎನ್ನ ತಂಗೆಯ ಮಗಳು ಈ ವರ್ಷ ಒಂದು ಹಂಚಿನ ಮನೆ ನೋಡಿತ್ತು. ಅದರ ಸಣ್ಣ ಮಗಂಗೆ ದಮ್ಮಿನ ತೊಂದರೆ ಇದ್ದು. ಗೋಡೆಗೆ ಹೊಸ ಬಣ್ಣ, ಅಟ್ಟಲ್ಲಿ ಪೂರಾ ಕಪ್ಪು. ದಲ್ಲಾಳಿ “ಅದು ಒಲೆಯ ಮಸಿ ಅಕ್ಕಾ” ಹೇಳಿದ. ಹಳೆ ಮನೆಲಿ ಮಸಿಯೂ ಇಕ್ಕು, ಹಾಂಗಾಗಿ ಪರೀಕ್ಷೆ ಮಾಡೆಕ್ಕು. ಬಟ್ಟೆಗೆ ಹಾಕುವ ಬ್ಲೀಚಿನ ಒಂದು ಹನಿ ಕಲೆಗೆ ಮುಟ್ಟುಸಿ ಒಂದೆರಡು ನಿಮಿಷ ಕಾಯೆಕ್ಕು. ಬಣ್ಣ ಬಿಟ್ಟರೆ ಬೂಸರು, ಕಪ್ಪಾಗಿಯೇ ಒಳುದರೆ ಮಸಿಯೋ ಧೂಳೋ. ಅಲ್ಲಿ ಬಣ್ಣ ಬಿಟ್ಟತ್ತು. ಮತ್ತೆ ಸ್ಕ್ರೂಡ್ರೈವರಿಲಿ ಪಕ್ಕಾಸಿಂಗೆ ಕುತ್ತಿ ನೋಡೆಕ್ಕು. ಗಟ್ಟಿ ಇದ್ದರೆ ಕಲೆ ಮೇಲಂದ ಮಾತ್ರ. ಮೆದು ಆಗಿ ಒಳ ಹೋದರೆ ಮರ ಕುಂಬಾಯಿದು. ಅಲ್ಲಿ ನಾಲ್ಕು ಪಕ್ಕಾಸು ಕುಂಬಾಗಿತ್ತು.

ಹಾಂಗಾರೆ ಬೂಸರು ಇಪ್ಪ ಮನೆಯೇ ಬೇಡದೋ? ಹಾಂಗೆ ಹೇಳ್ತಿಲ್ಲೆ ಆನು. ಒಳ್ಳೆ ಹಲಸಿನ ಮರ ಹಾಕಿದ ಮಾಡು ಈಗ ಮಾಡುಸುಲೆ ಹೆರಟರೆ ಎಡಿಗೋ? ಕರಾರು ಆಯೆಕ್ಕಾರೆ ಮದಲೇ ಆಚಾರಿಯ ಕರಕ್ಕೊಂಡು ಹೋಗಿ, ಎಷ್ಟು ಪಕ್ಕಾಸು, ಎಷ್ಟು ರೀಪು, ಎಷ್ಟು ಹಂಚು ಬದಲುಸೆಕ್ಕು ಹೇಳಿ ಬರೆಶಿಗೊಳ್ಳಿ. ತಂಗೆ ಮಗಳು ಆ ಖರ್ಚಿನ ಕ್ರಯಂದ ಕಳದ ಮೇಲೆಯೇ ಮುಂಗಡ ಕೊಟ್ಟತ್ತು. ಅಟ್ಟ ಹತ್ತುಲೆ ಬಿಡದ್ದ ಮನೆಂದ ಹೆರಟು ಬಪ್ಪದೇ ಒಳ್ಳೆದು.

ತೊಳವದು ಕಡೆಯಾಣ ಕೆಲಸ. ಸುರುವಿಂಗೆ ನೀರಿನ ದಾರಿ ಕಟ್ಟೆಕ್ಕು: ಹಂಚು ಬದಲುಸೆಕ್ಕು, ದಂಬೆ ತೆರವು ಮಾಡೆಕ್ಕು, ಮಾಡಿಂಗೆ ತಾಗುವ ಗೆಲ್ಲು ಕಡಿಯೆಕ್ಕು. ಮತ್ತೆ ಗಾಳಿ ಬಿಟ್ಟು ಒಣಗುಸೆಕ್ಕು. ಅದರಿಂದ ಮತ್ತೆ ಬ್ರಶ್ಶು, ಸಾಬೂನು ನೀರು. ಸತ್ತ ಬೂಸರಿಂದಲೂ ಸೆಮ್ಮ ಬಕ್ಕು, ಹಾಂಗಾಗಿ ಮದ್ದು ಬಿಟ್ಟು ಸುಮ್ಮನೆ ಕೂದರೆ ಸಾಲ, ತಿಕ್ಕಿ ತೆಗೆಯೆಕ್ಕು. ಒಣಕ್ಕು ಹಿಡಿಸೂಡಿಲಿ ಉಡುಗಲಾಗ, ಅದರ ಹುಡಿ ಮನೆ ಇಡೀ ಹಾರುತ್ತು. ಎನ್-95 ಮಾಸ್ಕು, ಗ್ಲೌಸು ಬೇಕು. ಮಕ್ಕೊ, ದಮ್ಮು ಇಪ್ಪವು ಆ ದಿನ ಮನೆಲಿ ಬೇಡ. ಬ್ಲೀಚಿಂಗೆ ಕಕ್ಕಸು ತೊಳವ ಆಸಿಡ್ಡು ಸೇರಿರೆ ವಿಷದ ಗಾಳಿ ಬತ್ತು, ಜಾಗ್ರತೆ. ಬೂಸರು ಮೂರಡಿಗೆ ಮೂರಡಿಯಷ್ಟೇ ಇದ್ದರೆ ನಾವೇ ಮಾಡ್ಲಕ್ಕು, ಹೆಚ್ಚಿದ್ದರೆ ಕೆಲಸ ಗೊಂತಿಪ್ಪವರ ದಿನಿಗೇಳೆಕ್ಕು.

ನೋಡುವ ಕಾಲವೂ ಮುಖ್ಯ. ಎಲ್ಲೋರೂ ಮನೆ ನೋಡುದು ಬೇಸಗೆಲಿ. ಬೇಸಗೆಲಿ ಏವ ಮಾಡೂ ಸೋರ್ತಿಲ್ಲೆ! ಆಟಿಲಿ ಒಳ್ಳೆ ಕಾರ್ಯ ಮಾಡ್ಲಾಗ ಹೇಳ್ತವು. ಮಾಡುದು ಬೇಡ, ನೋಡ್ಲೆ ಎಂತ ತೊಂದರೆ? ಜಡಿಮಳೆ ಬಪ್ಪಗ ಅಟ್ಟಲ್ಲಿ ಹತ್ತು ನಿಮಿಷ ನಿಂದರೆ ಎಲ್ಲಿ ಸೋರ್ತು ಹೇಳಿ ಕಣ್ಣಾರೆ ಗೊಂತಕ್ಕು. ಸೋಣೆ ಕಳುದ ಮತ್ತೆ ಮಾತುಕತೆ ಆಗಲಿ.

ಕಾಗದಪತ್ರ ಗೆಂಡುಮಕ್ಕೊ ನೋಡಲಿ. ಉದಿಯಂದ ಇರುಳಿನವರೆಗೆ ಆ ಮನೆಲಿ ಉಸುಲು ತೆಗವದು ನಾವು, ಸಣ್ಣ ಮಕ್ಕೊ, ಪ್ರಾಯ ಆದವು. ಹಾಂಗಾಗಿ ಅಟ್ಟದ ವಿಷಯಲ್ಲಿ ನಮ್ಮ ಮಾತು ನೆಡೆಯೆಕ್ಕು. ಗೆಂಟುಬೇನೆ ಇಪ್ಪ ಎನ್ನ ಹಾಂಗಿಪ್ಪವು ಕೆಳ ಏಣಿ ಹಿಡುದು ನಿಂದರೆ ಸಾಕು, ಜವ್ವನಿಗರು ಹತ್ತಲಿ. ಏಣಿ, ಟಾರ್ಚು ಮನೆಂದಲೇ ತೆಕ್ಕೊಂಡು ಹೋಗಿ. ಅಲ್ಲಿ ಕೇಳಿರೆ “ಏಣಿ ಇಲ್ಲೆನ್ನೆ” ಹೇಳುಗು.