ಬಾಂಡ್ ಎಂದರೆ ಸಾಲ, ಜೀತವಲ್ಲ!

ಕಲ್ಪತರು ನಾಡಿನ ಯುವಕ ಯುವತಿಯರೇ,

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದ ನಿಮ್ಮ ಮುಂದೆ ಕಂಪನಿಗಳು ಒಂದು ಕಾಗದ ಹಿಡಿಯುತ್ತಿವೆ. ‘ನಾವೇ ಓದಿಸುತ್ತೇವೆ, ನಾವೇ ಕೆಲಸ ಕೊಡುತ್ತೇವೆ. ಇಷ್ಟು ವರ್ಷ ಬಿಟ್ಟು ಹೋಗಬೇಡಿ, ಹೋದರೆ ದುಡ್ಡು ಕಟ್ಟಿ’ ಎನ್ನುವ ಕಾಗದ. ಅದಕ್ಕೆ ಬಾಂಡ್ ಎಂದು ಹೆಸರು. ಪುಟಗಟ್ಟಲೆ ಇಂಗ್ಲಿಷ್. ಕೆಲಸ ಸಿಕ್ಕ ಸಂಭ್ರಮದಲ್ಲಿ ನಿಮ್ಮಲ್ಲಿ ಎಷ್ಟು ಜನ ಅದನ್ನು ಓದಿ ಸಹಿ ಹಾಕಿದ್ದೀರಿ? ಎದೆ ಮುಟ್ಟಿಕೊಂಡು ಹೇಳಿ!

ನಿಮ್ಮ ಅಪ್ಪ ಹಾಗೆ ಮಾಡುವುದಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಗಿಟುಕಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕೆಂದು ಅವರು ತಾಳ್ಮೆಯಿಂದ ಕಾಯುತ್ತಾರೆ. ಆದರೆ ಮಾರುಕಟ್ಟೆಗೆ ಹೋದ ದಿನ ಕ್ವಿಂಟಲಿಗೆ ಎಷ್ಟು, ಕಡಿತ ಎಷ್ಟು, ಕೈಗೆ ಎಷ್ಟು ಎಂದು ಕೇಳದೆ ಮೂಟೆ ಬಿಚ್ಚುವುದಿಲ್ಲ. ಓದು ಬಾರದ ಅಜ್ಜನೂ ಲೆಕ್ಕ ಕೇಳುತ್ತಿದ್ದ. ಡಿಗ್ರಿ ಪಡೆದ ಮೊಮ್ಮಗನಿಗೆ ಏಕೆ ಸಂಕೋಚ?

ಬಾಂಡ್ ಎಂದಕೂಡಲೇ ಬೆಂಕಿ ಹಚ್ಚಿ ಎಂದು ನಾವು ಹೇಳುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಅಂಥ ವರ್ಷ ಮಕ್ಕಳ ಫೀಸು ಕಟ್ಟುವುದು ಯಾವ ಮನೆಗೆ ಸುಲಭ? ಆಗ ಕಂಪನಿಯೊಂದು ಓದಿನ ಖರ್ಚು ಹೊತ್ತರೆ ಅದು ಉಪಕಾರವೇ. ಬೆಂಗಳೂರಿನ ವಿಪ್ರೋ ಬಿ.ಸಿ.ಎ., ಬಿ.ಎಸ್ಸಿ. ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು ತನ್ನ ಖರ್ಚಿನಲ್ಲೇ ಎಂ.ಟೆಕ್. ಓದಿಸುವ ಯೋಜನೆ ನಡೆಸಿದೆ. ಅದರ ಇತ್ತೀಚಿನ ವರ್ಷಗಳ ಪ್ರಕಟಣೆಗಳಲ್ಲಿದ್ದ ಷರತ್ತು ನೋಡಿ: 60 ತಿಂಗಳ ಒಪ್ಪಂದ, ನಡುವೆ ಬಿಟ್ಟರೆ ಸೇರುವಾಗ ಕೊಟ್ಟ 75,000 ರೂಪಾಯಿಯನ್ನು ಉಳಿದ ತಿಂಗಳುಗಳ ಲೆಕ್ಕದಲ್ಲಿ ಹಿಂದಿರುಗಿಸಬೇಕು. ಅಂದರೆ ತಿಂಗಳಿಗೆ 1,250. ಮೂರು ವರ್ಷ ದುಡಿದು ಬಿಟ್ಟವನ ಬಾಕಿ 30,000. ಇದು ಲೆಕ್ಕಕ್ಕೆ ಸಿಗುವ ಸಾಲ. ‘ಯಾವಾಗ ಬಿಟ್ಟರೂ ಪೂರ್ತಿ ಕಟ್ಟು’ ಎನ್ನುವ ಬಾಂಡ್ ಬೇರೆಯೇ ಜಾತಿಯದು. ಅಲ್ಲಿ ಎರಡು ವರ್ಷ ಹನ್ನೊಂದು ತಿಂಗಳು ದುಡಿದವನಿಗೂ ಒಂದೇ ತಿಂಗಳು ದುಡಿದವನಿಗೂ ಒಂದೇ ದಂಡ!

ಕಾನೂನು ಏನು ಹೇಳುತ್ತದೆ? 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದವರಿಂದ ಸಿಗುವುದು ನ್ಯಾಯವಾದ ಪರಿಹಾರ. ಕಾಗದದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. 27ನೇ ಕಲಮಿನ ಪ್ರಕಾರ, ಕೆಲಸ ಬಿಟ್ಟ ಮೇಲೂ ಬೇರೆಡೆ ದುಡಿಯಬೇಡ ಎನ್ನುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನ್ಯಾಯಾಲಯ ನಿಮ್ಮಿಂದ ದುಡ್ಡು ಕಟ್ಟಿಸಬಹುದು, ಆದರೆ ಅದೇ ಕುರ್ಚಿಯಲ್ಲಿ ಕೂತು ದುಡಿ ಎಂದು ಆಜ್ಞೆ ಮಾಡಲಾರದು. ಜೀತವನ್ನು ಈ ದೇಶ 1976ರಲ್ಲೇ ಕಾಯ್ದೆ ಮಾಡಿ ತೊಡೆದುಹಾಕಿದೆ.

ಹಾಗೆಂದು ಬಾಂಡ್ ಬರೀ ಕಾಗದ ಎಂದು ನಗಬೇಡಿ! ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿಹೋದ ನಮ್ಮ ವಿಜಯಾ ಬ್ಯಾಂಕಿನ ಮೊಕದ್ದಮೆ ನೆನಪಿರಲಿ. ಅದು ಓದಿನ ಸಾಲವಲ್ಲ, ನೇಮಕಾತಿಯ ಬಾಂಡ್. ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ಬಿಟ್ಟ ಅಧಿಕಾರಿಯೊಬ್ಬರು 2 ಲಕ್ಷ ಕಟ್ಟಿ ಹೈಕೋರ್ಟಿಗೆ ಹೋದರು, ಅಲ್ಲಿ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟು ಬಾಂಡನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕು ಜನ ತೆಗೆದುಕೊಳ್ಳಲು ಖರ್ಚು ಮಾಡುತ್ತದೆ, ಆ ಹುದ್ದೆಗೆ 2 ಲಕ್ಷ ಅತಿಯಲ್ಲ ಎಂದಿತು. ಜೊತೆಗೆ, ಇಂಥ ಷರತ್ತು ನ್ಯಾಯವಾದುದೆಂದು ತೋರಿಸುವ ಹೊಣೆ ಮಾಲೀಕನದೇ ಎಂದೂ ಹೇಳಿತು.

ಆದ್ದರಿಂದ ಸಹಿಗೆ ಮೊದಲು ಕೇಳಿ. ಓದಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ? ದುಡಿದಷ್ಟೂ ಬಾಕಿ ಇಳಿಯುತ್ತದೆಯೇ? ಬಡ್ಡಿ ಉಂಟೇ? ಕಂಪನಿಯೇ ತೆಗೆದುಹಾಕಿದರೆ ಯಾರು ಕಟ್ಟಬೇಕು? ಜಾಮೀನಿಗೆ ಅಪ್ಪನ ತೋಟ ಬರುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೂಲ ಅಂಕಪಟ್ಟಿಯನ್ನು ಕೊಡಬೇಡಿ, ನಕಲು ಸಾಕು. ಬಾಂಡಿನ ಒಂದು ಪ್ರತಿ ಮನೆಯಲ್ಲಿರಲಿ. ಬಿಡುವ ದಿನ ಬಂದರೆ ರಾತ್ರೋರಾತ್ರಿ ಓಡಬೇಡಿ. ಲೆಕ್ಕ ಕೇಳಿ, ನ್ಯಾಯವಾದದ್ದನ್ನು ಕಟ್ಟಿ, ರಸೀದಿ ಪಡೆದು ತಲೆಯೆತ್ತಿ ಹೊರಬನ್ನಿ. ನೀವು ಓಡಿಹೋದರೆ ನಾಳೆ ಬಾಗಿಲು ಮುಚ್ಚುವುದು ನಿಮ್ಮೂರಿನ ಮುಂದಿನ ಹುಡುಗಿಗೆ.

ಕಂಪನಿಗಳಿಗೂ ಸರ್ಕಾರಕ್ಕೂ ನಮ್ಮದೊಂದು ಮಾತು. ಕಾರ್ಖಾನೆಯ ನಿಯಮಗಳನ್ನು ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಗೋಡೆಗೆ ಹಾಕಬೇಕೆಂದು 1946ರ ಸ್ಥಾಯಿ ಆದೇಶಗಳ ಕಾಯ್ದೆಯೇ ಹೇಳಿತ್ತು. ಗೋಡೆಯ ಮೇಲಿನ ನಿಯಮಕ್ಕೆ ಸಿಕ್ಕ ನ್ಯಾಯ ನಮ್ಮ ಮಕ್ಕಳ ಐದು ವರ್ಷದ ಬದುಕನ್ನು ಕಟ್ಟಿಹಾಕುವ ಬಾಂಡಿಗೆ ಬೇಡವೇ? ಕನ್ನಡ ನೆಲದಲ್ಲಿ ಬರೆಸಿಕೊಳ್ಳುವ ಪ್ರತಿ ಬಾಂಡಿಗೂ ಕನ್ನಡ ಪ್ರತಿ ಕೊಡಲೇಬೇಕು. ತೋಟ ಒತ್ತೆಗೆ ಬೀಳುವ ಅಪ್ಪ ಅವ್ವನಿಗೆ ತಾವು ಎಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೇವೆ ಎಂಬುದು ಗೊತ್ತಾಗಬೇಕು.

ಗೆಳೆಯರೇ, ಸಾಲ ಮಾಡುವುದು ಅವಮಾನವಲ್ಲ, ತೀರಿಸುವುದು ಮರ್ಯಾದೆ. ಎಷ್ಟು ಸಾಲ ಎಂದು ಕೇಳದಿರುವುದೇ ಗುಲಾಮಗಿರಿ. ಕೇಳಿ!