ಮೆಚ್ಚಲಾಗದ ನಾಯಕ



ಪುಸ್ತಕವೆಂದರೆ ಕಣ್ಣಿನಿಂದ ಓದತಕ್ಕದ್ದೆಂದು ನಂಬಿ ಮೂವತ್ತು ವರುಷ ಪಾಠ ಹೇಳಿದವನು ನಾನು. ಈಗ ಅದು ಕಿವಿಗೂ ದೊರೆಯುತ್ತಿದೆ. ಎರ್ಮಾಳಿನ ನಮ್ಮ ಮನೆಯ ಜಗಲಿಯಲ್ಲಿ ಬೆಳಗಿನ ಹೊತ್ತು ನನ್ನ ಮಗಳು ಮಲ್ಲಿಗೆ ಕಟ್ಟಲು ಕುಳಿತುಕೊಳ್ಳುವುದುಂಟು. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ಆದಕಾರಣ ಮೊಬೈಲನ್ನು ಪಕ್ಕದಲ್ಲಿರಿಸಿಕೊಂಡು ಕಾದಂಬರಿ ಕೇಳುತ್ತಾಳೆ. ಒಂದು ಚೆಂಡು ಮಲ್ಲಿಗೆ ಕಟ್ಟಿ ಮುಗಿಯುವಷ್ಟರಲ್ಲಿ ಎರಡು ಅಧ್ಯಾಯಗಳು ಮುಗಿದಿರುತ್ತವೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ತಾಳಮದ್ದಳೆಯನ್ನು ಕೇಳಿ ಬೆಳೆದ ನಾಡಿಗೆ, 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋದ ಮುಂದೆ ಕುಳಿತ ಮನೆಗಳಿಗೆ, ಕಥೆಯನ್ನು ಕಿವಿಯಿಂದ ಸವಿಯುವುದು ಹೊಸ ವಿದ್ಯೆಯಲ್ಲ.

ಆದರೆ ಮೊನ್ನೆ ಕೇಳಿಬಂದ ಕಥೆಯ ನಾಯಕನು ನನ್ನ ಮನಸ್ಸನ್ನು ಕಲಕಿದನು. ಅವನೊಬ್ಬ ಪ್ರಖ್ಯಾತ ಚಲಚ್ಚಿತ್ರ ನಟ. ನಾಯಿಕೆಯು ಅವನ ಉಡುಪುಗಳನ್ನು ನೋಡಿಕೊಳ್ಳುವ ಬಡ ಹುಡುಗಿ. ಅವನು ಹತ್ತು ಜನರೆದುರು ಅವಳನ್ನು ಹೀಯಾಳಿಸುತ್ತಾನೆ. ಅವಳು ಯಾರೊಡನೆ ಮಾತಾಡಬೇಕೆಂಬುದನ್ನು ತಾನೇ ನಿಶ್ಚಯಿಸುತ್ತಾನೆ. ಕೈಯಿಂದ ಮೊಬೈಲನ್ನು ಕಿತ್ತುಕೊಂಡು ಪರೀಕ್ಷಿಸುತ್ತಾನೆ. ಕಥೆಗಾರರು ಇದಕ್ಕೆಲ್ಲ ಗಾಢವಾದ ಪ್ರೇಮವೆಂದು ಹೆಸರಿಟ್ಟಿದ್ದಾರೆ.

“ಇವನು ನಾಯಕನೋ, ಖಳನೋ?” ಎಂದು ಕೇಳಿದೆನು.

“ಇರಲಿ ಅಪ್ಪಯ್ಯ, ಕೊನೆಗೆ ಒಳ್ಳೆಯವನಾಗುತ್ತಾನೆ. ಇಂಥ ಕಥೆಗಳಲ್ಲಿ ಯಾವಾಗಲೂ ಹಾಗೆಯೇ” ಎಂದು ನಕ್ಕಳು.

ಮನೆಯಲ್ಲಿ ಅವಳ ಮದುವೆಯ ಮಾತುಕತೆ ನಡೆಯುತ್ತಿದೆ. ಆದುದರಿಂದ ಆ ಮಾತು ನನ್ನ ಕಿವಿಗೆ ಹಗುರವಾಗಿ ಬೀಳಲಿಲ್ಲ.

ನಾಯಕನಲ್ಲಿ ದೋಷವೇ ಇರಕೂಡದೆಂದು ನಮ್ಮ ಶಾಸ್ತ್ರವು ಹೇಳಿದೆಯೆ? ಇಲ್ಲ. ಹತ್ತನೆಯ ಶತಮಾನದಲ್ಲಿ ಧನಂಜಯನು ರಚಿಸಿದ ‘ದಶರೂಪಕ’ವು ಪ್ರಣಯದಲ್ಲಿ ನಾಯಕನ ನಡತೆಯನ್ನು ನಾಲ್ಕು ವಿಧವಾಗಿ ವಿಂಗಡಿಸುತ್ತದೆ: ದಕ್ಷಿಣ, ಶಠ, ಧೃಷ್ಟ, ಅನುಕೂಲ. ಗುಟ್ಟಾಗಿ ಅಪ್ರಿಯವನ್ನು ಮಾಡುವವನು ಶಠ. ಮಾಡಿದ್ದರ ಗುರುತು ಮೈಮೇಲೆ ಕಾಣುತ್ತಿದ್ದರೂ ಲಜ್ಜೆಪಡದವನು ಧೃಷ್ಟ. ಕೆಟ್ಟದ್ದನ್ನು ಕೆಟ್ಟ ಹೆಸರಿನಿಂದಲೇ ಕರೆದರೆಂಬುದನ್ನು ಗಮನಿಸಬೇಕು. ಶಠನಿಗೆ ಅನುಕೂಲನೆಂಬ ಬಿರುದನ್ನು ಯಾರೂ ಕೊಡಲಿಲ್ಲ.

ಮೆಚ್ಚಲಾಗದ ನಾಯಕನೆಂದರೆ ಮೊದಲು ನೆನಪಾಗತಕ್ಕವನು ದುಷ್ಯಂತ. ಅಂದಿನ ಕಾಲಕ್ಕೆ ರಾಜನೇ ತಾರೆಯಲ್ಲವೆ? ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಮಗನನ್ನು ಕರೆದುಕೊಂಡು ಸಭೆಗೆ ಬಂದ ಶಕುಂತಲೆಯನ್ನು ರಾಜನು ಎಲ್ಲವೂ ನೆನಪಿದ್ದೇ ಅರಿಯೆನೆಂದು ನಿಂದಿಸುತ್ತಾನೆ. ಅಶರೀರವಾಣಿಯು ಸತ್ಯವನ್ನು ನುಡಿದ ತರುವಾಯ, ಲೋಕದ ಶಂಕೆಗೆ ಅಂಜಿ ಹಾಗೆ ಮಾಡಿದೆನೆನ್ನುತ್ತಾನೆ. ಇಂಥವನನ್ನು ಮೆಚ್ಚುವುದು ಸಾಧ್ಯವೇ? ಆದರೆ ಅಲ್ಲಿಯ ಶಕುಂತಲೆ ಅಳುತ್ತ ನಿಲ್ಲುವವಳಲ್ಲ. ಸತ್ಯವೇನು, ಪತ್ನಿಯೆಂದರೇನು, ಪುತ್ರನೆಂದರೇನು ಎಂಬುದನ್ನು ತುಂಬಿದ ಸಭೆಯಲ್ಲಿ ವಿಸ್ತಾರವಾಗಿ ಹೇಳಿ ರಾಜನ ಮುಖಕ್ಕೆ ಮಾತನ್ನು ತಿರುಗಿಸುತ್ತಾಳೆ.

ಕಾಳಿದಾಸನು ದೂರ್ವಾಸರ ಶಾಪವನ್ನು ತಂದು ನಾಯಕನನ್ನು ಉಳಿಸಿಕೊಂಡನು. ಹಾಗೆಂದು ಅವನಿಗೆ ಪೂರ್ತಿಯಾಗಿ ಸುಣ್ಣ ಬಳಿಯಲಿಲ್ಲ. ಐದನೆಯ ಅಂಕದ ಮೊದಲಲ್ಲೇ ಹಂಸಪದಿಕೆಯ ಹಾಡಿನಿಂದ, ರಾಜನ ಒಲವು ಹೂವಿನಿಂದ ಹೂವಿಗೆ ಹಾರತಕ್ಕದ್ದೆಂದು ಸೂಚಿಸಿಬಿಟ್ಟನು. ಬೆಸ್ತನಿಗೆ ಮೀನಿನ ಹೊಟ್ಟೆಯಲ್ಲಿ ದೊರೆತ ಉಂಗುರವು ರಾಜನ ಕೈಸೇರಿದ ಮೇಲೆ, ಆರನೆಯ ಅಂಕವೆಲ್ಲ ಅವನ ಪಶ್ಚಾತ್ತಾಪ. ಏಳನೆಯದರಲ್ಲಿ ಆ ಚಕ್ರವರ್ತಿಯು ಅವಳ ಕಾಲಿಗೆ ಬೀಳುತ್ತಾನೆ.

ನಾಯಕನಿಗೆ ಅನುಚಿತವಾದುದನ್ನು ಬಿಡಬೇಕು, ಇಲ್ಲವೇ ಬೇರೆ ವಿಧವಾಗಿ ಕಲ್ಪಿಸಬೇಕೆಂದು ‘ದಶರೂಪಕ’ದ ವಿಧಿ. ಮಾಯುರಾಜನು ತನ್ನ ‘ಉದಾತ್ತರಾಘವ’ದಲ್ಲಿ ಕಪಟದ ವಾಲಿವಧೆಯನ್ನೇ ಬಿಟ್ಟನೆಂದು ವ್ಯಾಖ್ಯಾನಕಾರ ಧನಿಕನು ಉದಾಹರಿಸುತ್ತಾನೆ. ನಮ್ಮ ಕರಾವಳಿಯ ತಾಳಮದ್ದಳೆಯಾದರೋ ಅದನ್ನು ಬಿಡಲಿಲ್ಲ. ಬಾಣ ತಾಗಿ ಬಿದ್ದ ವಾಲಿಯಿಂದ ಪ್ರಶ್ನೆ ಕೇಳಿಸಿತು. ಸಾಕ್ಷಾತ್ ಶ್ರೀರಾಮನಿಂದ ಉತ್ತರ ಹೇಳಿಸಿತು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರಿಗೆ ಆ ಪ್ರಶ್ನೆಗಳ ತೀಕ್ಷ್ಣತೆ ಗೊತ್ತು. ದೇವರೂ ಉತ್ತರ ಕೊಡಬೇಕಾದ ಸಭೆಯಲ್ಲಿ ಒಬ್ಬ ಚಿತ್ರನಟನಿಗೆ ವಿನಾಯಿತಿ ಏತಕ್ಕೆ?

ಇನ್ನು ನಮ್ಮ ಕಾದಂಬರಿಗಳಿಗೆ ಬರೋಣ. ತ್ರಿವೇಣಿಯವರು (1928–1963) ‘ಶರಪಂಜರ’ದಲ್ಲಿ ಸತೀಶನನ್ನು ಚಿತ್ರಿಸಿದರು. ಪ್ರೀತಿಸಿ ಕೈಹಿಡಿದವನು, ಆದರೆ ಹೆರಿಗೆಯ ಬಳಿಕ ಬುದ್ಧಿ ಕದಡಿದ ಕಾವೇರಿಯು ಗುಣವಾಗಿ ಮನೆಗೆ ಮರಳಿದಾಗ ಅವನ ಮನಸ್ಸು ಬೇರೆಡೆ ನೆಟ್ಟಿತ್ತು. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಾವೇರಿಯಾದ ಕಲ್ಪನಾ ಅವರನ್ನು ನಮ್ಮ ಪೀಳಿಗೆ ಮರೆತಿಲ್ಲ. ತ್ರಿವೇಣಿಯವರು ಸತೀಶನಿಗೆ ಶಾಪದ ನೆವವನ್ನೂ ಕೊಡಲಿಲ್ಲ, ಅವನನ್ನು ಮೆಚ್ಚಿರೆಂದು ನಮ್ಮನ್ನು ಬಲಾತ್ಕರಿಸಲೂ ಇಲ್ಲ. ಓದಿ ಮುಗಿಸಿದವರಿಗೆ ಅವನಲ್ಲಿ ಕೋಪ ಹುಟ್ಟುತ್ತದೆ. ಕೃತಿಯಲ್ಲಿ ಗೌರವ ಹುಟ್ಟುತ್ತದೆ.

ಆದಕಾರಣ ನಾಯಕನು ಅಪ್ರಿಯನಾಗಿರುವುದು ಕಥೆಯ ದೋಷವಲ್ಲ. ಅವನ ತಪ್ಪಿಗೆ ಲೆಕ್ಕ ಕೇಳದೆ ಬಹುಮಾನ ಕೊಡುವುದು ದೋಷ. ಕೇಳುವ ಪುಸ್ತಕದಲ್ಲಿ ಈ ದೋಷವು ಇಮ್ಮಡಿಯಾಗುತ್ತದೆ. ಧ್ವನಿಯ ಏರಿಳಿತದಿಂದ ಅರ್ಥ ಬೇರೆಯಾಗುವುದನ್ನು ಆಲಂಕಾರಿಕರು ಕಾಕುವೆಂದು ಕರೆದರಷ್ಟೆ. ಕ್ರೂರವಾದ ಮಾತನ್ನು ಜೇನಿನಂಥ ಕಂಠದಲ್ಲಿ ನುಡಿದರೆ ಕಿವಿಯು ಜೇನನ್ನೇ ಹಿಡಿದುಕೊಳ್ಳುತ್ತದೆ. ಅಚ್ಚಿನ ಪುಟದಲ್ಲಾದರೆ ನಿಂತು, ಹಿಂದಕ್ಕೆ ಹೊರಳಿ, ಹುಬ್ಬು ಗಂಟಿಕ್ಕಲು ಅವಕಾಶವುಂಟು. ಕೈಯಲ್ಲಿ ಹೂವೂ ನಾರೂ ಇರುವಾಗ ಕಥೆಯು ತನ್ನಷ್ಟಕ್ಕೆ ಮುಂದೆ ಸಾಗಿರುತ್ತದೆ.

ಮೂರು ದಿನಗಳಲ್ಲಿ ಆ ಕಾದಂಬರಿ ಮುಗಿಯಿತು.

“ಒಳ್ಳೆಯವನಾದನೇ ಮಗಾ?” ಎಂದೆನು.

“ವಜ್ರದ ಹಾರ ತಂದುಕೊಟ್ಟ, ಅಪ್ಪಯ್ಯ.”

“ತಪ್ಪಾಯಿತೆಂದು ಹೇಳಿದನೇ?”

ನಾರನ್ನು ಬಿಗಿಯುತ್ತಿದ್ದ ಅವಳ ಬೆರಳು ನಿಂತಿತು. “ಇಲ್ಲ.”

“ಅವಳೇನೆಂದಳು?”

“ಅವಳಿಗೆ ಮಾತೇ ಇಲ್ಲ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮಕ್ಕಳ ಕೈಯಿಂದ ಇಂಥ ಕಥೆಗಳನ್ನು ಕಿತ್ತುಕೊಳ್ಳಬೇಡಿರಿ; ಕಿತ್ತುಕೊಂಡರೆ ನಾವೂ ಆ ನಾಯಕನ ಸಾಲಿಗೇ ಸೇರುತ್ತೇವೆ. ಬಿಡುವಾದಾಗ ಜೊತೆಗೆ ಕುಳಿತು ಕೇಳಿರಿ. ತಪ್ಪು ಮಾಡಿದವನು ಉತ್ತರ ಕೊಟ್ಟನೆ, ನೊಂದವಳಿಗೆ ಮಾತಿತ್ತೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿರಿ. ಮಿಕ್ಕ ವಿಚಾರವನ್ನು ಅವರೇ ಮಾಡಿಕೊಳ್ಳುತ್ತಾರೆ.

ಕಳೆದ ಭಾನುವಾರ ವರನ ಕಡೆಯವರು ಬಂದಿದ್ದರು. ಹುಡುಗ ಹುಡುಗಿಯರು ಹಿತ್ತಿಲ ಮಲ್ಲಿಗೆಯ ಗಿಡಗಳ ಬಳಿ ನಿಂತು ಮಾತಾಡಿದರು. ಏನು ಮಾತಾಡಿದರೆಂದು ನಾನು ವಿಚಾರಿಸಲಿಲ್ಲ. ಆದರೆ ಬಹಳ ಹೊತ್ತು ನನ್ನ ಮಗಳ ಧ್ವನಿಯೇ ಜಗಲಿಯವರೆಗೆ ಕೇಳಿಸುತ್ತಿತ್ತು.